ಡಯಾಲಿಸಿಸ್ ನಡುವೆ ಬಿಪಿ ಇಳಿಯುತ್ತಿದೆಯೇ? ಮೊದಲು ಗಡಿಯಾರ ನೋಡಿ

ಡಯಾಲಿಸಿಸ್ ನಡೆಯುವಾಗ ಬಿಪಿ ಬಿದ್ದರೆ ಕೈ ತಾನಾಗಿಯೇ ಸಲೈನ್ ಕ್ಲಾಂಪಿನ ಕಡೆ ಹೋಗುತ್ತದೆ. ಹೋಗಲಿ, ಅದರಲ್ಲಿ ತಪ್ಪಿಲ್ಲ. ಅಲ್ಲಿಗೇ ಕೆಲಸ ಮುಗಿಯಿತು ಎಂದುಕೊಳ್ಳುವುದು ತಪ್ಪು. 200 ಮಿಲಿ ಬಿಟ್ಟು, ಬಿಪಿ ಎದ್ದಿತು ಎಂದು ಚಾರ್ಟಿನಲ್ಲಿ ಬರೆದು, ಮುಂದಿನ ಸರದಿಗೂ ಅದೇ ಯುಎಫ್ (ಅಲ್ಟ್ರಾಫಿಲ್ಟ್ರೇಷನ್, ಅಂದರೆ ಯಂತ್ರ ಮೈಯಿಂದ ನೀರು ಎಳೆಯುವುದು) ಗುರಿ, ಅದೇ ತಾಪಮಾನ, ಅದೇ ಮಾತ್ರೆ ಇಟ್ಟುಕೊಂಡರೆ ಎರಡು ದಿನ ಬಿಟ್ಟು ಮತ್ತೆ ಅದೇ ಕ್ಲಾಂಪು. ಒಂದು ಸರದಿಯಲ್ಲಿ ಮೂರು ಸಲ 200 ಮಿಲಿ ಬಿಟ್ಟರೆ, ಕಷ್ಟಪಟ್ಟು ತೆಗೆದ ನೀರಿನಲ್ಲಿ 600 ಮಿಲಿ ವಾಪಸ್ ಕೊಟ್ಟಂತಾಯಿತು. ಅದರ ಜೊತೆ 5.4 ಗ್ರಾಂ ಉಪ್ಪೂ ಒಳಗೆ ಹೋಯಿತು. ರೋಗಿ ಬಾಯಾರಿಕೊಂಡು ಮನೆಗೆ ಹೋಗುತ್ತಾರೆ, ಮುಂದಿನ ಸಲ ಇನ್ನೂ ಹೆಚ್ಚು ತೂಕ ಹೊತ್ತು ಬರುತ್ತಾರೆ.

ಈ ಕೈಪಿಡಿ ಟೆಕ್ನಿಷಿಯನ್‌ಗಳಿಗೆ, ನರ್ಸ್‌ಗಳಿಗೆ, ತಮ್ಮ ಚಾರ್ಟನ್ನು ತಾವೇ ಓದಿಕೊಳ್ಳುವ ರೋಗಿಗಳಿಗೆ ಮತ್ತು ಅವರ ಮನೆಯವರಿಗೆ. ಡ್ರೈ ವೇಟ್ (ಹೆಚ್ಚುವರಿ ನೀರೆಲ್ಲ ಹೋದ ಮೇಲೆ ಇರಬೇಕಾದ ತೂಕ), ಮಾತ್ರೆ, ಡಯಾಲಿಸೇಟ್ (ರಕ್ತ ಶುದ್ಧಗೊಳಿಸಲು ಯಂತ್ರದಲ್ಲಿ ಹರಿಯುವ ದ್ರಾವಣ) ಇವುಗಳ ಬದಲಾವಣೆ ನೆಫ್ರಾಲಜಿಸ್ಟ್ ಹೇಳಿದ ಮೇಲೆಯೇ ಆಗಬೇಕು. ಅವರಿಗೆ ಹೇಳಲು ನಿಮ್ಮ ಕೈಯಲ್ಲಿ ಸರಿಯಾದ ಮಾಹಿತಿ ಇರಬೇಕು, ಅಷ್ಟೇ.

ಯಾವುದನ್ನು ಬಿಪಿ ಇಳಿತ ಎನ್ನುವುದು? ಮೇಲಿನ ಅಂಕಿ, ಅಂದರೆ ಸಿಸ್ಟಾಲಿಕ್, 20 ಅಥವಾ ಅದಕ್ಕಿಂತ ಹೆಚ್ಚು ಇಳಿದು ಜೊತೆಗೆ ಲಕ್ಷಣವೂ ಇದ್ದರೆ ಅದು ಲೆಕ್ಕಕ್ಕೆ. 90ಕ್ಕಿಂತ ಕೆಳಗೆ ಹೋದರೆ ಲಕ್ಷಣ ಇರಲಿ ಬಿಡಲಿ, ಲೆಕ್ಕಕ್ಕೆ. ಲಕ್ಷಣವೆಂದರೆ ತಲೆಸುತ್ತು, ವಾಂತಿ, ಮೀನಖಂಡ ಸೆಳೆತ ಮಾತ್ರ ಎಂದುಕೊಳ್ಳಬೇಡಿ. ಅದಕ್ಕಿಂತ ಐದು ಹತ್ತು ನಿಮಿಷ ಮೊದಲೇ ಆಕಳಿಕೆ ಬರುತ್ತದೆ, ಒಂದರ ಹಿಂದೆ ಒಂದು. ಮಾತಾಡುತ್ತಿದ್ದವರು ಸುಮ್ಮನಾಗುತ್ತಾರೆ. ಹೊದಿಕೆ ಕಿತ್ತೆಸೆದು ಸೆಕೆ ಎನ್ನುತ್ತಾರೆ, ಇದ್ದಕ್ಕಿದ್ದಂತೆ ಶೌಚಕ್ಕೆ ಹೋಗಬೇಕು ಎನ್ನುತ್ತಾರೆ. ಯಂತ್ರ ಅರ್ಧ ಗಂಟೆಗೊಮ್ಮೆ ಬಿಪಿ ನೋಡುತ್ತದೆ, ಆಕಳಿಕೆ ಅಷ್ಟು ಹೊತ್ತು ಕಾಯುವುದಿಲ್ಲ. ಆಕಳಿಕೆ ಕಂಡ ಕೂಡಲೇ ಬಿಪಿ ಬಟನ್ ಒತ್ತಿ.

ಬಿದ್ದ ಕ್ಷಣದಲ್ಲಿ

ಮೊದಲು ಯುಎಫ್ ನಿಲ್ಲಿಸಿ, ಅಥವಾ ಯಂತ್ರ ಬಿಡುವಷ್ಟು ಕನಿಷ್ಠಕ್ಕೆ ತನ್ನಿ. ಹಾಸಿಗೆಯ ತಲೆಭಾಗ ತಗ್ಗಿಸಿ, ಕಾಲು ಎತ್ತರಿಸಿ. ಏದುಸಿರು ಇರುವವರಿಗೆ ತಲೆ ತಗ್ಗಿಸಬೇಡಿ, ಕಾಲು ಎತ್ತಿದರೆ ಸಾಕು. ಇಷ್ಟಕ್ಕೆ ಬಿಪಿ ಏಳದಿದ್ದರೆ, ಅಥವಾ ರೋಗಿ ಮಂಕಾಗುತ್ತಿದ್ದರೆ, ಸಲೈನ್ 100ರಿಂದ 200 ಮಿಲಿ. ಎರಡು ಮೂರು ನಿಮಿಷಕ್ಕೆ ಮತ್ತೆ ಬಿಪಿ ನೋಡಿ. ವಾಂತಿ ಬರುವಂತಿದ್ದರೆ ಮುಖ ಒಂದು ಪಕ್ಕಕ್ಕೆ. ಸಕ್ಕರೆ ಕಾಯಿಲೆಯವರಾದರೆ ಬೆರಳು ಚುಚ್ಚಿ ಗ್ಲುಕೋಸ್ ನೋಡಲೇಬೇಕು. ಬೆವರು, ಮಂಕು, ನಡುಕ ಬಿಪಿ ಇಳಿದರೂ ಸಕ್ಕರೆ ಇಳಿದರೂ ಒಂದೇ ತರ ಇರುತ್ತದೆ.

ಬ್ಲಡ್ ಪಂಪ್ ವೇಗವನ್ನು ನಿಮಿಷಕ್ಕೆ 300 ಮಿಲಿಯಿಂದ 150ಕ್ಕೆ ಇಳಿಸುವುದು ಹಳೆಯ ಅಭ್ಯಾಸ. ಯುಎಫ್ ಅನ್ನು ಯಂತ್ರ ಅಳೆದು ತೆಗೆಯದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಪಂಪ್ ನಿಧಾನವಾದರೆ ನೀರು ಎಳೆಯುವುದೂ ಕಡಿಮೆಯಾಗುತ್ತಿತ್ತು. ಈಗಿನ ಯಂತ್ರಗಳಲ್ಲಿ ಯುಎಫ್ ಬೇರೆ, ಪಂಪ್ ಬೇರೆ. ಪಂಪ್ ಇಳಿಸಿ ಮರೆತರೆ ರಕ್ತ ಶುದ್ಧವಾಗುವುದು ಕುಗ್ಗುತ್ತದೆ, ಅಷ್ಟೇ ಲಾಭ. ಇಳಿಸಿದ್ದರೆ ಬಿಪಿ ಎದ್ದ ಮೇಲೆ ವಾಪಸ್ ಏರಿಸಿ.

ಬಿಪಿ ಎದ್ದಿತೆಂದು ಯುಎಫ್ ಅನ್ನು ಹಳೆಯ ವೇಗಕ್ಕೇ ಹಾಕಬೇಡಿ. ನಿಲ್ಲಿಸಿದ ಹತ್ತು ಹದಿನೈದು ನಿಮಿಷದ ಬಾಕಿಯನ್ನೂ ಯಂತ್ರ ಉಳಿದ ಸಮಯಕ್ಕೆ ಸೇರಿಸಿಕೊಂಡು ಇನ್ನೂ ಜೋರಾಗಿ ಎಳೆಯುತ್ತದೆ. ಗುರಿಯನ್ನೇ ಇಳಿಸಿ, ಇಲ್ಲವೇ ಸಮಯ ಹೆಚ್ಚಿಸಿ.

ಯಾವ ಹೊತ್ತಿಗೆ ಬಿತ್ತು?

ಇಡೀ ಪತ್ತೆದಾರಿಕೆಯಲ್ಲಿ ಅತಿ ಅಗ್ಗದ, ಅತಿ ಉಪಯುಕ್ತ ಮಾಹಿತಿ ಇದು. ಚಾರ್ಟಿನಲ್ಲಿ "ಬಿಪಿ ಇಳಿಯಿತು" ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ. "2 ಗಂಟೆ 50 ನಿಮಿಷಕ್ಕೆ, 142ರಿಂದ 88ಕ್ಕೆ, ನಾಡಿ 112, ಅಷ್ಟರಲ್ಲಿ ತೆಗೆದದ್ದು 2.4 ಲೀಟರ್" ಎಂದಿದ್ದರೆ ಅರ್ಧ ರೋಗನಿದಾನ ಆಯಿತು.

ಮೊದಲ ಅರ್ಧ ಗಂಟೆಯಲ್ಲೇ ಬಿದ್ದರೆ ಅದು ಸಾಮಾನ್ಯವಾಗಿ ನೀರು ಎಳೆದದ್ದರ ಫಲವಲ್ಲ. ಅಷ್ಟು ಹೊತ್ತಿಗೆ ಹೋಗಿರುವುದೇ 300–400 ಮಿಲಿ. ಇಲ್ಲಿ ಯೋಚಿಸಬೇಕಾದ್ದು ಬೇರೆ. ಲೈನ್ ಮತ್ತು ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ತುಂಬಲು ಸುಮಾರು 150ರಿಂದ 250 ಮಿಲಿ ರಕ್ತ ಒಮ್ಮೆಗೇ ಹೊರಗೆ ಬರುತ್ತದೆ. ಪ್ರೈಮ್ ಮಾಡಿದ (ಶುರುವಿಗೆ ಮೊದಲೇ ಲೈನಿಗೆ ತುಂಬಿಟ್ಟ) ಸಲೈನ್ ಅನ್ನು ಹೊರಗೆ ಚೆಲ್ಲಿ ಸಂಪರ್ಕ ಕೊಟ್ಟಿದ್ದರೆ, ಸಣ್ಣ ದೇಹದವರಿಗೆ, ದುರ್ಬಲ ಹೃದಯದವರಿಗೆ ಇದೇ ಸಾಕು. ಅಂಥವರಿಗೆ ಪ್ರೈಮ್ ಸಲೈನನ್ನು ಒಳಗೇ ಕೊಟ್ಟು, ಅದನ್ನು ಯುಎಫ್ ಲೆಕ್ಕಕ್ಕೆ ಸೇರಿಸಿ, ಪಂಪನ್ನು 100–150ರಿಂದ ನಿಧಾನ ಏರಿಸಿ.

ಆದರೆ ಇದೇ ಅರ್ಧ ಗಂಟೆಯಲ್ಲಿ ಅಪಾಯದ ಕಾರಣಗಳೂ ಬರುತ್ತವೆ. ಮೈ ತುರಿಕೆ, ಉಸಿರು ಕಟ್ಟುವುದು, ಮುಖ ಕೆಂಪಗಾಗುವುದು ಜೊತೆಗಿದ್ದರೆ ಡಯಲೈಸರ್ ಅಥವಾ ಅದನ್ನು ಶುದ್ಧಗೊಳಿಸಿದ ರಾಸಾಯನಿಕದ ಅಲರ್ಜಿ. ಎದೆನೋವು, ಬೆನ್ನುನೋವು ಬಂದು ವೀನಸ್ ಲೈನಿನ (ರೋಗಿಗೆ ವಾಪಸ್ ಹೋಗುವ ಕೊಳವೆಯ) ರಕ್ತ ದ್ರಾಕ್ಷಾರಸದಂತೆ ತೆಳು ಕೆಂಪಾಗಿ ಕಂಡರೆ ರಕ್ತಕಣ ಒಡೆಯುತ್ತಿವೆ: ಡಯಾಲಿಸೇಟ್ ಅತಿ ಬಿಸಿಯೋ, ಅತಿ ನೀರಾಗಿದೆಯೋ, ನೀರಿನಲ್ಲಿ ಕ್ಲೋರಮೈನ್ (ನೀರು ಶುದ್ಧಗೊಳಿಸಲು ಬಳಸುವ ಕ್ಲೋರಿನ್ ಸಂಯುಕ್ತ) ಉಳಿದಿದೆಯೋ ನೋಡಬೇಕು. ಎರಡೂ ಸಂದರ್ಭದಲ್ಲಿ ಪಂಪ್ ನಿಲ್ಲಿಸಿ, ಲೈನ್ ಕ್ಲಾಂಪ್ ಮಾಡಿ, ಲೈನಿನಲ್ಲಿರುವ ರಕ್ತವನ್ನು ರೋಗಿಗೆ ವಾಪಸ್ ಕೊಡಬೇಡಿ. ರಕ್ತಕಣ ಒಡೆದಾಗ ಆ ರಕ್ತದ ತುಂಬ ಪೊಟ್ಯಾಸಿಯಂ ಇರುತ್ತದೆ; ವ್ಯರ್ಥವಾಗಬಾರದೆಂದು ಕೊಟ್ಟರೆ ಹೃದಯವೇ ನಿಂತೀತು. ಕ್ಯಾತಿಟರ್ (ಡಯಾಲಿಸಿಸ್‌ಗಾಗಿ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇರುವವರಿಗೆ ಸಂಪರ್ಕ ಕೊಟ್ಟ ಮೇಲೆ ಚಳಿ ನಡುಕ ಬಂದು ಬಿಪಿ ಬಿದ್ದರೆ ಕ್ಯಾತಿಟರ್ ಸೋಂಕು ಎಂದೇ ಹಿಡಿದು, ಆಂಟಿಬಯೋಟಿಕ್‌ಗೆ ಮೊದಲು ಬ್ಲಡ್ ಕಲ್ಚರ್ ತೆಗೆಯಿರಿ.

ನಡುವಿನ ಹೊತ್ತಿನಲ್ಲಿ, ಊಟ ಮಾಡಿದ ಅರ್ಧ ಮುಕ್ಕಾಲು ಗಂಟೆಗೆ ಬಿದ್ದರೆ ಕಾರಣ ತಟ್ಟೆಯಲ್ಲೇ ಇದೆ. ಹೊಟ್ಟೆಗೆ ಅನ್ನ ಬಿದ್ದೊಡನೆ ಕರುಳಿನ ರಕ್ತನಾಳಗಳು ಹಿಗ್ಗಿ, ರಕ್ತ ಅತ್ತ ಹರಿಯುತ್ತದೆ. ಈ ತೊಂದರೆ ಇರುವವರು ಡಯಾಲಿಸಿಸ್‌ಗೆ ಎರಡು ಗಂಟೆ ಮೊದಲೇ ಉಂಡು ಬರಲಿ, ನಡುವೆ ಬೇಡ. ಹಾಗೆಂದು ಎಲ್ಲರ ಊಟವನ್ನೂ ನಿಲ್ಲಿಸುವುದು ಸರಿಯಲ್ಲ. ತಿಂದರೂ ಬಿಪಿ ಅಲ್ಲಾಡದವರು ಎಷ್ಟೋ ಜನ. ಅವರಿಗೆ ಆ ಪ್ರೊಟೀನ್ ಬೇಕು.

ಕೊನೆಯ ಒಂದೂವರೆ ಗಂಟೆಯಲ್ಲಿ ಬೀಳುವುದೇ ಹೆಚ್ಚು, ಅದು ನೀರಿನ ಲೆಕ್ಕ. ಮುಂದೆ ವಿವರವಾಗಿ ಬರುತ್ತದೆ.

ಮುಗಿದು ಎದ್ದು ನಿಂತಾಗ ಬಿದ್ದರೆ ಡ್ರೈ ವೇಟ್ ತಪ್ಪಿರಬಹುದು, ಇಲ್ಲವೇ ನರಗಳ ತೊಂದರೆ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಎರಡನೆಯದು ಸಾಮಾನ್ಯ. ಮಲಗಿದಾಗ ಒಮ್ಮೆ, ಕುಳಿತ ಎರಡು ನಿಮಿಷದ ಮೇಲೆ ಒಮ್ಮೆ, ನಿಂತು ಒಮ್ಮೆ ಬಿಪಿ ನೋಡದೆ ಮನೆಗೆ ಕಳಿಸಬೇಡಿ.

ಯಾವ ಹೊತ್ತಿಗಾದರೂ ಬೀಳಬಹುದಾದ ಒಂದು ಕಾರಣವಿದೆ: ಹೊದಿಕೆಯ ಕೆಳಗೆ ವೀನಸ್ ಸೂಜಿ ಜಾರಿ ರಕ್ತ ಹಾಸಿಗೆಗೆ ಹೋಗುತ್ತಿರುವುದು. ಲೈನಿನ ಒತ್ತಡದಲ್ಲಿ ಬಹುಪಾಲು ಸೂಜಿಯ ಕಿರಿದಾದ ರಂಧ್ರದಿಂದಲೇ ಹುಟ್ಟುವುದರಿಂದ, ಸೂಜಿ ಹೊರಬಂದರೂ ವೀನಸ್ ಅಲಾರಂ ಬಡಿಯದೆ ಇರಬಹುದು. ಕಾರಣ ತಿಳಿಯದ ಇಳಿತ ಎಂದರೆ ಮೊದಲು ಹೊದಿಕೆ ಸರಿಸಿ ಕೈ ನೋಡಿ.

ನಾಡಿ ಏನು ಹೇಳುತ್ತದೆ

ಬಿಪಿ ಇಳಿದು ನಾಡಿ 110ರ ಮೇಲೆ ಏರಿದರೆ ರಕ್ತನಾಳದಲ್ಲಿ ನೀರು ಕಡಿಮೆಯಾಗಿದೆ. ನಾಡಿ 70ರಲ್ಲೇ ಕುಳಿತಿದ್ದರೆ ನಾಡಿ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆಯೋ ಸಕ್ಕರೆ ಕಾಯಿಲೆಯ ನರದೋಷವೋ ಅದನ್ನು ಕಟ್ಟಿಹಾಕಿದೆ. ಅಂಥವರಲ್ಲಿ ನಾಡಿ ಮುನ್ಸೂಚನೆ ಕೊಡುವುದಿಲ್ಲವಾದ್ದರಿಂದ ಬಿಪಿಯನ್ನು 15 ನಿಮಿಷಕ್ಕೊಮ್ಮೆ ನೋಡಬೇಕು. ನಾಡಿ ಲಯತಪ್ಪಿ ಹೊಡೆಯುತ್ತಿದ್ದರೆ ಇಸಿಜಿ.

ಅಳತೆಯೇ ಸುಳ್ಳಾಗಿರಬಹುದು ಎಂಬುದನ್ನೂ ಮರೆಯಬೇಡಿ. ತೆಳು ತೋಳಿಗೆ ದೊಡ್ಡ ಕಫ್ ಕಟ್ಟಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಶಸ್ತ್ರಚಿಕಿತ್ಸೆಯಿಂದ ರಕ್ತನಾಳ ಜೋಡಿಸಿದ ಜಾಗ) ಇರುವ ಕೈಗೆ ಕಫ್ ಕಟ್ಟುವಂತೆಯೇ ಇಲ್ಲ.

ಕಾಗದದ ಮೇಲೆ ಯುಎಫ್ ಲೆಕ್ಕ

ದೇಹದ ಪ್ಲಾಸ್ಮಾ (ರಕ್ತದ ದ್ರವ ಭಾಗ) ಸುಮಾರು 3 ಲೀಟರ್. ನಾಲ್ಕು ಗಂಟೆಯಲ್ಲಿ ನಾವು ತೆಗೆಯುವುದೂ ಹೆಚ್ಚುಕಡಿಮೆ ಅಷ್ಟೇ. ಆದರೂ ರೋಗಿ ಕುಸಿಯದಿರುವುದಕ್ಕೆ ಕಾರಣ, ರಕ್ತನಾಳದಿಂದ ನೀರು ಹೋದಂತೆಲ್ಲ ಊದಿದ ಅಂಗಾಂಶದಿಂದ ನೀರು ಒಸರಿ ಒಳಗೆ ಬರುತ್ತಿರುತ್ತದೆ. ಬಾವಿಯಿಂದ ಸೇದಿದಂತೆ: ಒರತೆಗಿಂತ ವೇಗವಾಗಿ ಸೇದಿದರೆ ಸುತ್ತಲಿನ ಮಣ್ಣಲ್ಲಿ ನೀರಿದ್ದರೂ ಬಾವಿ ಬರಿದಾಗುತ್ತದೆ. ಕಾಲು ಊದಿಕೊಂಡಿದ್ದರೂ ಬಿಪಿ ಬೀಳುವುದು ಹೀಗೆಯೇ. ರಕ್ತದ ಆಲ್ಬುಮಿನ್ ಎಂಬ ಪ್ರೊಟೀನ್ ಕಡಿಮೆ ಇರುವವರಲ್ಲಿ ಈ ಒರತೆ ಇನ್ನೂ ನಿಧಾನ.

ಹಾಗಾಗಿ ನೋಡಬೇಕಾದ್ದು ಒಟ್ಟು ಎಷ್ಟು ಲೀಟರ್ ಎಂಬುದಕ್ಕಿಂತ ಗಂಟೆಗೆ ಕೆಜಿಗೆ ಎಷ್ಟು ಮಿಲಿ ಎಂಬುದು. 13 ಮಿಲಿ ದಾಟಬಾರದು. ಪದೇ ಪದೇ ಬೀಳುವವರಿಗೆ 10ರ ಆಸುಪಾಸು ಒಳ್ಳೆಯದು.

ಒಂದು ಲೆಕ್ಕ ಮಾಡೋಣ. ಡ್ರೈ ವೇಟ್ 60 ಕೆಜಿ, ಬಂದಾಗ ತೂಕ 63.2. ಹೆಚ್ಚಿದ್ದು 3.2 ಲೀಟರ್. ಕೊನೆಗೆ ರಕ್ತ ವಾಪಸ್ ಕೊಡಲು ಬಳಸುವ ಸಲೈನ್ 300 ಮಿಲಿ, ನಡುವೆ ಕುಡಿಯುವ ನೀರು 200 ಮಿಲಿ ಸೇರಿಸಿದರೆ 3.7 ಲೀಟರ್. ನಾಲ್ಕು ಗಂಟೆಗೆ ಹಂಚಿದರೆ ಗಂಟೆಗೆ 925 ಮಿಲಿ. 60ರಿಂದ ಭಾಗಿಸಿದರೆ 15.4. ಮಿತಿ ದಾಟಿತು. ಇವರಿಗೆ ಗಂಟೆಗೆ 780 ಮಿಲಿಗಿಂತ ಹೆಚ್ಚು ಎಳೆಯುವಂತಿಲ್ಲ. ಆಗ 3.7 ಲೀಟರ್ ತೆಗೆಯಲು 4 ಗಂಟೆ 45 ನಿಮಿಷ ಬೇಕು. ಅಷ್ಟು ಹೊತ್ತು ಯಂತ್ರ ಖಾಲಿ ಇಲ್ಲವೆಂದರೆ ನಾಲ್ಕು ಗಂಟೆಯಲ್ಲಿ 3.1 ಲೀಟರ್ ಮಾತ್ರ ತೆಗೆದು, ಉಳಿದ 600 ಮಿಲಿಯನ್ನು ಮುಂದಿನ ಸರದಿಗೋ ಹೆಚ್ಚುವರಿ ಸರದಿಗೋ ಬಿಡಿ. ವಾರದ ದೊಡ್ಡ ಬಿಡುವಿನ ನಂತರದ ಸರದಿಯಲ್ಲಿ ಈ ಬಾಕಿ ಬೀಳುವುದು ಸಹಜ. ಅಂದೇ ಎಲ್ಲವನ್ನೂ ತೀರಿಸುವ ಹಟವೇ ಬಿಪಿ ಬೀಳಿಸುವುದು.

ಯಂತ್ರದ ಮೇಲೂ ಒಂದು ಕಣ್ಣಿರಲಿ. ಮೇಲಿನ ರೋಗಿಗೆ 3.1 ಲೀಟರ್ ತೆಗೆದು ಅರ್ಧ ಲೀಟರ್ ಒಳಗೆ ಹೋಗಿದ್ದರೆ ಕೊನೆಯ ತೂಕ 60.6 ಬರಬೇಕು. ತಕ್ಕಡಿ 60.0 ತೋರಿಸಿದರೆ 600 ಮಿಲಿ ಲೆಕ್ಕ ತಪ್ಪಿದೆ. ಅದೇ ಯಂತ್ರದಲ್ಲಿ ಬೇರೆಯವರಿಗೂ ಹೀಗೇ ಆಗುತ್ತಿದ್ದರೆ ಯುಎಫ್ ಕ್ಯಾಲಿಬ್ರೇಷನ್ ಮಾಡಿಸಿ. ಎಲ್ಲ ಯಂತ್ರಗಳಲ್ಲೂ ಆಗುತ್ತಿದ್ದರೆ ದೋಷ ತಕ್ಕಡಿಯದು. ತೂಕ ಗೊತ್ತಿರುವ 20 ಕೆಜಿ ಬಟ್ಟು ಇಟ್ಟು ಪರೀಕ್ಷಿಸಿ. ಬರುವಾಗ ಸ್ವೆಟರ್, ಚಪ್ಪಲಿ ಸಮೇತ, ಹೋಗುವಾಗ ಅವಿಲ್ಲದೆ ತೂಗಿದರೆ ಒಂದು ಕೆಜಿ ಎಲ್ಲಿಂದಲೋ ಬರುತ್ತದೆ.

ಯುಎಫ್ ಪ್ರೊಫೈಲ್ ಬಗ್ಗೆ: 2.4 ಲೀಟರ್ ತೆಗೆಯಬೇಕು, ಬೀಳುವುದು ಯಾವಾಗಲೂ ಕೊನೆಯ ಗಂಟೆಯಲ್ಲಿ ಎಂದಾದರೆ ಗಂಟೆವಾರು 750, 650, 550, 450 ಎಂದು ಇಳಿಸುತ್ತ ಹೋಗಬಹುದು. ಒರತೆ ಚೆನ್ನಾಗಿರುವಾಗ ಹೆಚ್ಚು, ಕುಗ್ಗಿದಾಗ ಕಡಿಮೆ. ಒಟ್ಟು ಗುರಿಯೇ ಅತಿಯಾಗಿದ್ದರೆ ಯಾವ ಪ್ರೊಫೈಲೂ ಕಾಪಾಡದು.

ಡ್ರೈ ವೇಟ್ ಕಲ್ಲಿನ ಮೇಲಿನ ಅಕ್ಷರವಲ್ಲ

ಡಯಾಲಿಸಿಸ್ ಶುರುವಾದ ಮೊದಲ ತಿಂಗಳುಗಳಲ್ಲಿ ಹಸಿವು ಮರಳಿ ಮೈ ತುಂಬಿಕೊಳ್ಳುತ್ತದೆ. ಎರಡು ಕೆಜಿ ನಿಜವಾದ ಮಾಂಸ ಬಂದಿದ್ದರೆ, ಹಳೆಯ ಡ್ರೈ ವೇಟ್‌ಗೆ ಇಳಿಸುವುದೆಂದರೆ ಇಲ್ಲದ ಎರಡು ಲೀಟರ್ ನೀರನ್ನು ಹಿಂಡುವುದು. ಗುರುತುಗಳು ಹೀಗಿರುತ್ತವೆ: ಗುರಿಗಿಂತ ಅರ್ಧ ಕೆಜಿ ಮೇಲಿರುವಾಗಲೇ ಪ್ರತಿ ಸಲ ಸೆಳೆತ, ಊತವಿಲ್ಲ, ಮಲಗಿದರೆ ಉಸಿರು ಸಲೀಸು, ಮನೆಗೆ ಹೋದ ಮೇಲೆ ದನಿ ಕುಗ್ಗಿ ಮರುದಿನದವರೆಗೆ ಸುಸ್ತು. ಆಗ ಡ್ರೈ ವೇಟ್ ಅನ್ನು 300–500 ಗ್ರಾಂನಂತೆ ಏರಿಸಿ ನೋಡುತ್ತಾರೆ. ಉಲ್ಟಾ ಸಂದರ್ಭವೂ ಇದೆ: ಕಾಯಿಲೆ ಬಿದ್ದು ಮಾಂಸ ಕರಗಿದೆ, ಅದರ ಜಾಗದಲ್ಲಿ ನೀರು ತುಂಬಿದೆ, ತಕ್ಕಡಿ ಮಾತ್ರ ಅದೇ ಅಂಕಿ ಹೇಳುತ್ತದೆ. ಆಸ್ಪತ್ರೆಯಲ್ಲಿ ಮಲಗಿ ಬಂದ ಪ್ರತಿ ರೋಗಿಯ ಡ್ರೈ ವೇಟ್ ಅನ್ನೂ ಹೊಸದಾಗಿ ನೋಡಬೇಕು. ಬಿಪಿ ಬಿದ್ದಿತೆಂದು ಕಣ್ಣು ಮುಚ್ಚಿ ಡ್ರೈ ವೇಟ್ ಏರಿಸಿದರೆ ಇಂಥವರ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಅನುಮಾನವಿದ್ದರೆ ಎದೆಯ ಅಲ್ಟ್ರಾಸೌಂಡ್ ಅಥವಾ ಬಯೋಇಂಪಿಡೆನ್ಸ್ (ಸಣ್ಣ ವಿದ್ಯುತ್ ಹರಿಸಿ ಮೈಯ ನೀರು ಅಳೆಯುವ ಪರೀಕ್ಷೆ) ನೆರವು ಪಡೆಯಬಹುದು.

ಡಯಾಲಿಸೇಟ್: ತಂಪು, ಉಪ್ಪು, ಕ್ಯಾಲ್ಸಿಯಂ

ನೀರು ಎಳೆದಂತೆ ಚರ್ಮದ ರಕ್ತನಾಳಗಳು ಮುದುಡುತ್ತವೆ, ಮೈಯ ಶಾಖ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಒಂದು ಹಂತಕ್ಕೆ ಅದೇ ಶಾಖ ನಾಳಗಳನ್ನು ಹಿಗ್ಗಿಸಿ ಬಿಪಿ ಬೀಳಿಸುತ್ತದೆ. 37 ಡಿಗ್ರಿ ಡಯಾಲಿಸೇಟ್ ಅದಕ್ಕೆ ಇನ್ನಷ್ಟು ಕುಮ್ಮಕ್ಕು. ಎಷ್ಟೋ ರೋಗಿಗಳ ಮೈ ತಾಪಮಾನವೇ 36.2–36.5. ಮೊದಲು ಥರ್ಮಾಮೀಟರ್ ಇಟ್ಟು ನೋಡಿ, ಅದಕ್ಕಿಂತ ಅರ್ಧ ಡಿಗ್ರಿ ಕಡಿಮೆ ಇಡಿ, 35.5ಕ್ಕಿಂತ ಕೆಳಗೆ ಹೋಗಬೇಕಾಗಿ ಬರುವುದು ಅಪರೂಪ. ನಡುಕ ಬಂದರೆ 0.2–0.3 ಏರಿಸಿ.

ಎಲ್ಲರಿಗೂ ತಂಪು ಒಳ್ಳೆಯದೇ ಎಂದುಕೊಂಡು ಕೇಂದ್ರದ ಎಲ್ಲ ಯಂತ್ರಗಳನ್ನೂ ಇಳಿಸಬೇಕಿಲ್ಲ. ಕೆನಡಾದ ಒಂಟಾರಿಯೊದ 84 ಕೇಂದ್ರಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಮೈಟೆಂಪ್ ಅಧ್ಯಯನದಲ್ಲಿ, ಎಲ್ಲರಿಗೂ ತಂಪು ಡಯಾಲಿಸೇಟ್ ಕೊಟ್ಟದ್ದರಿಂದ ಹೃದಯ ಸಂಬಂಧಿ ಸಾವು ಅಥವಾ ಆಸ್ಪತ್ರೆ ಸೇರುವುದು ಕಡಿಮೆಯಾಗಲಿಲ್ಲ. ಚಳಿಯ ದೂರು ಮಾತ್ರ ಹೆಚ್ಚಿತು. ಇದು ಬೀಳುವವರಿಗೆ ಪ್ರಯತ್ನಿಸಬೇಕಾದ ಉಪಾಯ.

ಸೋಡಿಯಂ ಏರಿಸಿದರೆ ಬಿಪಿ ಅಂದು ನಿಲ್ಲುತ್ತದೆ, ನಿಜ. 145ಕ್ಕೆ ಇಟ್ಟು ಇಳಿಸುತ್ತ ಬರುವ ಸೋಡಿಯಂ ಪ್ರೊಫೈಲ್ ಆ ಕಾರಣಕ್ಕೇ ಜನಪ್ರಿಯ. ಆದರೆ ಆ ಉಪ್ಪು ರೋಗಿಯೊಳಗೇ ಉಳಿದು ಬಾಯಾರಿಕೆಯಾಗಿ, ಮುಂದಿನ ಸರದಿಯ ಹೆಚ್ಚುವರಿ ಕೆಜಿಯಾಗಿ ವಾಪಸ್ ಬರುತ್ತದೆ. ಸಾಲ ತೀರಿಸಲು ಸಾಲ ಮಾಡಿದಂತೆ. 138ರ ಆಸುಪಾಸು ಇಟ್ಟು ಬೇರೆ ದಾರಿ ಹುಡುಕುವುದು ಮೇಲು. ಯಂತ್ರದ ಕಂಡಕ್ಟಿವಿಟಿ (ಡಯಾಲಿಸೇಟಿನ ಉಪ್ಪಿನಂಶ ತೋರುವ ಅಂಕಿ) ಸಾಮಾನ್ಯವಾಗಿ 13.5–14.5 ಮಿಲಿಸೀಮೆನ್ಸ್ ನಡುವೆ ಇರಬೇಕು, ಅದನ್ನು ಬೇರೆ ಮೀಟರಿನಿಂದಲೂ ತಾಳೆ ನೋಡಿ. ಕ್ಯಾಲ್ಸಿಯಂ 1.25 ಇರುವಲ್ಲಿ 1.5 ಮಿಲಿಮೋಲ್‌ಗೆ ಏರಿಸಿದರೆ ಹೃದಯದ ಬಡಿತಕ್ಕೆ ಬಲ ಬರುತ್ತದೆ. ರಕ್ತದ ಕ್ಯಾಲ್ಸಿಯಂ ಈಗಾಗಲೇ ಹೆಚ್ಚಿರುವವರಿಗೆ ಇದು ಬೇಡ.

ಬೆಳಗಿನ ಮಾತ್ರೆ ಡಬ್ಬಿ

ಡಯಾಲಿಸಿಸ್ ದಿನ ಬೆಳಿಗ್ಗೆ ಏನೇನು ನುಂಗಿ ಬಂದರು ಎಂದು ಹೆಸರು ಹಿಡಿದು ಕೇಳಿ; "ಎಂದಿನಂತೆ" ಎಂಬ ಉತ್ತರ ಸಾಲದು. ರಕ್ತನಾಳ ಹಿಗ್ಗಿಸುವ ಪ್ರಾಜೋಸಿನ್, ನೈಟ್ರೇಟ್ ಮಾತ್ರೆಗಳು ಬೆಳಗಿನಿಂದ ರಾತ್ರಿಗೆ ಹೋದರೆ ಎಷ್ಟೋ ಸಲ ಸಮಸ್ಯೆಯೇ ಮಾಯ. ಬಿಪಿ ಮಾತ್ರೆಯಾದ ಆಮ್ಲೋಡಿಪಿನ್ ಮೈಯಲ್ಲಿ ಎರಡು ದಿನ ಇರುತ್ತದೆ, ಡಯಾಲಿಸಿಸ್‌ನಲ್ಲಿ ತೊಳೆದೂ ಹೋಗುವುದಿಲ್ಲ. ಒಂದು ಬೆಳಿಗ್ಗೆ ಬಿಟ್ಟರೆ ಏನೂ ಆಗದು, ಡೋಸೇ ಇಳಿಯಬೇಕು. ಬೀಟಾ ಬ್ಲಾಕರ್‌ಗಳಲ್ಲಿ ಕಾರ್ವೆಡಿಲಾಲ್ ಕೂಡ ತೊಳೆದುಹೋಗದು. ಮೆಟೊಪ್ರೊಲಾಲ್, ಅಟೆನೊಲಾಲ್ ಹೋಗುತ್ತವೆ. ಬೀಟಾ ಬ್ಲಾಕರ್ ಬದಲಿಸುವ ಪ್ರಶ್ನೆ ಬಂದಾಗ ಈ ವ್ಯತ್ಯಾಸ ಮುಖ್ಯ. ಕ್ಲೋನಿಡಿನ್ ಮತ್ತು ಬೀಟಾ ಬ್ಲಾಕರ್‌ಗಳನ್ನು ರೋಗಿ ತಾನಾಗಿ ಒಮ್ಮೆಲೇ ನಿಲ್ಲಿಸಬಾರದು. ಬಿಪಿ ಅಥವಾ ಎದೆಬಡಿತ ಒಮ್ಮೆಲೇ ಏರಿಬಿಡುತ್ತದೆ.

ಲೋಟಕ್ಕಿಂತ ಉಪ್ಪಿನ ಡಬ್ಬಿ

ನೀರು ಕಡಿಮೆ ಕುಡಿಯಿರಿ ಎಂದು ನೂರು ಸಲ ಹೇಳಿದರೂ ಬಾಯಾರಿಕೆಯ ಮುಂದೆ ಆ ಮಾತು ನಿಲ್ಲದು. ಮೈಯಲ್ಲಿ ಉಳಿಯುವ ಪ್ರತಿ ಲೀಟರ್ ನೀರಿನ ಜೊತೆ ಸುಮಾರು 8 ಗ್ರಾಂ ಉಪ್ಪು ಇರುತ್ತದೆ. ಮೂತ್ರ ನಿಂತುಹೋದವರು ಮೂರು ದಿನಕ್ಕೆ 3.2 ಲೀಟರ್ ಏರಿಸಿಕೊಂಡು ಬಂದರೆಂದರೆ ದಿನಕ್ಕೆ 8–9 ಗ್ರಾಂ ಉಪ್ಪು ತಿಂದಿದ್ದಾರೆ ಎಂದೇ ಅರ್ಥ. ಅದು 5 ಗ್ರಾಂಗೆ ಇಳಿದರೆ ಹೆಚ್ಚುವ ತೂಕ ತಾನಾಗಿ 2 ಲೀಟರ್ ಹತ್ತಿರ ಬರುತ್ತದೆ. ಆಗ ನಾಲ್ಕು ಗಂಟೆಯ ಲೆಕ್ಕ ಗಂಟೆಗೆ ಕೆಜಿಗೆ ಸುಮಾರು 10 ಮಿಲಿಗೆ ಇಳಿಯುತ್ತದೆ. ಎರಡು ಸರದಿಗಳ ನಡುವೆ ಏರುವ ತೂಕ ಡ್ರೈ ವೇಟಿನ ಶೇಕಡಾ 4ರೊಳಗೆ ಇರಲಿ. 60 ಕೆಜಿಯವರಿಗೆ 2.4.

ಇಷ್ಟಾದರೂ ಬೀಳುತ್ತಿದ್ದರೆ

ಸಮಯವನ್ನು ನಾಲ್ಕೂವರೆ, ಐದು ಗಂಟೆಗೆ ಏರಿಸುವುದು, ವಾರಕ್ಕೆ ಇನ್ನೊಂದು ಸರದಿ ಸೇರಿಸುವುದು ಎಲ್ಲಕ್ಕಿಂತ ಗಟ್ಟಿ ಪರಿಹಾರ. ಮೊದಲ ಒಂದು ಗಂಟೆ ಬರೀ ಯುಎಫ್, ಆಮೇಲೆ ಡಯಾಲಿಸಿಸ್ ಮಾಡಿದರೂ ಬಿಪಿ ನಿಲ್ಲುತ್ತದೆ. ಆದರೆ ಆ ಗಂಟೆಯಲ್ಲಿ ಯೂರಿಯಾ, ಪೊಟ್ಯಾಸಿಯಂ ಅಷ್ಟಾಗಿ ಹೋಗುವುದಿಲ್ಲವಾದ್ದರಿಂದ ಆ ಸಮಯವನ್ನು ಕೊನೆಗೆ ಸೇರಿಸಲೇಬೇಕು. ಬಿಪಿ ಏರಿಸುವ ಮಾತ್ರೆ ಮಿಡೋಡ್ರಿನ್ 2.5ರಿಂದ 10 ಮಿಗ್ರಾಂ, ಸೂಜಿ ಹಾಕುವ ಅರ್ಧ ಗಂಟೆ ಮೊದಲು, ವೈದ್ಯರು ಬರೆದರೆ. ಅದನ್ನು ನುಂಗಿ ಮಲಗಿದಾಗ ಬಿಪಿ ಅತಿ ಏರಬಹುದು, ಹಾಗಾಗಿ ಮೊದಲ ಕೆಲವು ಸಲ ಕಾವಲು ಬೇಕು. ಬೆಳಿಗ್ಗೆ ಬಿಪಿ ಮಾತ್ರೆ, ಅರ್ಧ ಗಂಟೆಗೆ ಮಿಡೋಡ್ರಿನ್, ಹೀಗೆ ಎರಡನ್ನೂ ಒಟ್ಟಿಗೆ ನುಂಗುತ್ತಿರುವ ಚೀಟಿಗಳು ಕಾಣಸಿಗುತ್ತವೆ; ಕಂಡರೆ ವೈದ್ಯರಿಗೆ ತೋರಿಸಿ.

ತಿಂಗಳುಗಟ್ಟಲೆ ಸರಿಯಾಗಿ ನಡೆಯುತ್ತಿದ್ದವರಿಗೆ ಎರಡು ಮೂರು ಸರದಿಯಿಂದ ಹಠಾತ್ ಬೀಳಲು ಶುರುವಾಗಿದೆ, ತೂಕ, ಮಾತ್ರೆ ಯಾವುದೂ ಬದಲಾಗಿಲ್ಲ ಎಂದರೆ ಯಂತ್ರದ ಅಂಕಿಗಳನ್ನು ತಿರುಗಿಸುತ್ತ ಕೂರಬೇಡಿ. ಮುಂದಿನ ಸರದಿಗೆ ಮೊದಲೇ ಎಕೋ ಮಾಡಿಸಿ ಹೃದಯದ ಸುತ್ತ ನೀರು ತುಂಬಿದೆಯೇ ನೋಡಬೇಕು, ಇಸಿಜಿ ತೆಗೆಸಬೇಕು, ಮಲ ಕಪ್ಪಗಾಗಿದೆಯೇ ಎಂದು ಕೇಳಿ ಹಿಮೋಗ್ಲೋಬಿನ್ ನೋಡಬೇಕು, ಜ್ವರ, ಕ್ಯಾತಿಟರ್ ಬಾಯಿಯ ಕೀವು ಹುಡುಕಬೇಕು. ಹೃದಯದ ಸುತ್ತ ನೀರಿನ ಅನುಮಾನ ಅಥವಾ ರಕ್ತಸ್ರಾವ ಇದ್ದರೆ ಹೆಪಾರಿನ್ ಇಲ್ಲದೆಯೇ ಡಯಾಲಿಸಿಸ್ ನಡೆಯಬೇಕು. ಬಿಪಿ ಜೋರಾಗಿ ಬಿದ್ದ ಪ್ರತಿ ಸರದಿಯ ನಂತರ, ಮನೆಗೆ ಕಳಿಸುವ ಮುನ್ನ, ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡಿ. ಒತ್ತಡ ಕುಸಿದಾಗ ಅದು ಹೆಪ್ಪುಗಟ್ಟಬಹುದು. ಗುಂಯ್‌ಗುಟ್ಟುವ ಆ ಕಂಪನ ಸಿಗದಿದ್ದರೆ ನಾಳೆಯವರೆಗೆ ಕಾಯದೆ ಅಂದೇ ಸರ್ಜನ್‌ಗೆ ಫೋನ್ ಮಾಡಬೇಕು.